ವಂಶಾವಳಿಯಲ್ಲಿ ಮರೆಯಾದ ಹೆಸರುಗಳು
(ಮಾತೆ ಮರಿಯಮ್ಮನವರ ಜನನೋತ್ಸವದ ಚಿಂತನೆ)



ಸೆಪ್ಟೆಂಬರ್ 8ರಂದು ಧರ್ಮಸಭೆಯು ಮಾತೆ ಮರಿಯಮ್ಮನವರ ಜನನೋತ್ಸವವನ್ನು ಆಚರಿಸುತ್ತದೆ. ಒಂಬತ್ತು ದಿನಗಳ ನೊವೇನ ಮುಗಿಸಿ, ಮಕ್ಕಳ ಕೈಗೆ ಹೂ ಕೊಟ್ಟು, ನಾವೆಲ್ಲರೂ ಸಂಭ್ರಮದಿಂದ ಬಲಿಪೂಜೆಗೆ ಬರುತ್ತೇವೆ. ಆದರೆ ಅಂದಿನ ಶುಭಸಂದೇಶ ಕೇಳುವವರ ತಾಳ್ಮೆಯನ್ನು ಪರೀಕ್ಷಿಸುವಂಥದ್ದು. ಸಂತ ಮತ್ತಾಯನ ಮೊದಲ ಅಧ್ಯಾಯ ಅದು. ಅಬ್ರಹಾಮನಿಂದ ದಾವೀದನವರೆಗೆ, ದಾವೀದನಿಂದ ಬಾಬಿಲೋನಿನ ಸೆರೆಯವರೆಗೆ, ಸೆರೆಯಿಂದ ಕ್ರಿಸ್ತನವರೆಗೆ ಹದಿನಾಲ್ಕು ಹದಿನಾಲ್ಕು ತಲೆಮಾರುಗಳ ಹೆಸರು. ಓದುವ ಗುರುಗಳ ನಾಲಿಗೆ ತೊಡರುತ್ತದೆ. ಮುಂದಿನ ಸಾಲಿನ ಮಕ್ಕಳು ಆಕಳಿಸುತ್ತಾರೆ. ಚಿಕ್ಕ ಪಾಠವನ್ನು ಓದಲು ಅನುಮತಿ ಇರುವುದರಿಂದ ಅನೇಕ ಕಡೆ ಹೆಸರುಗಳನ್ನೆಲ್ಲ ಬಿಟ್ಟು ನೇರವಾಗಿ ದೇವದೂತನ ಮಾತಿಗೆ ಹೋಗುವುದೂ ಉಂಟು.

ಈ ಹಬ್ಬದಲ್ಲಿ ಆ ಹೆಸರುಗಳ ಮುಂದೆಯೇ ಸ್ವಲ್ಪ ಹೊತ್ತು ನಿಲ್ಲೋಣ. ಒಂದು ಮನೆತನದ ಹಿರಿಯರನ್ನು ಹುಡುಕಿಕೊಂಡು ಹೋದರೆ ಏನು ಸಿಗುತ್ತದೆ? ಸಿಕ್ಕದ್ದೆಲ್ಲ ಹೆಮ್ಮೆಪಡುವಂಥದ್ದೇ ಆಗಿರುತ್ತದೆಯೇ? ಆಗಿರದಿದ್ದರೆ ಅದನ್ನು ಏನು ಮಾಡಬೇಕು?

ಕಲ್ಲು, ತಾಮ್ರ ಮತ್ತು ಹೆಳವರ ಬಾಯಿ

ಹಿರಿಯರ ಹೆಸರನ್ನು ಉಳಿಸಿಕೊಳ್ಳುವ ಹಂಬಲ ನಮ್ಮ ನೆಲಕ್ಕೆ ಹೊಸದಲ್ಲ. ಚಿತ್ತಾಪುರ ತಾಲೂಕಿನ ಸನ್ನತಿಯ ಹತ್ತಿರ, ಭೀಮಾ ನದಿಯ ದಂಡೆಯ ಕನಗನಹಳ್ಳಿಯಲ್ಲಿ, 1990ರ ದಶಕದ ಉತ್ಖನನದಲ್ಲಿ ದೊಡ್ಡ ಬೌದ್ಧ ಸ್ತೂಪವೊಂದು ಬೆಳಕಿಗೆ ಬಂತು. ಅಲ್ಲಿನ ಒಂದು ಶಿಲಾಫಲಕದಲ್ಲಿ ಅರಸನೊಬ್ಬ ತನ್ನ ರಾಣಿಯೊಂದಿಗೆ ನಿಂತಿದ್ದಾನೆ. ಮೇಲೆ ಬ್ರಾಹ್ಮಿ ಲಿಪಿಯಲ್ಲಿ 'ರಾಯೋ ಅಸೋಕೋ' ಎಂದು ಬರೆದಿದೆ. ಬೇರೆ ಫಲಕಗಳಲ್ಲಿ ಶಾತವಾಹನ ಅರಸರು ತಮ್ಮ ತಮ್ಮ ಹೆಸರಿನೊಂದಿಗೆ ಇದ್ದಾರೆ. ಅರಸರ ಜೊತೆಗೆ, ಕಲ್ಲು ದಾನಮಾಡಿದ ಸಾಮಾನ್ಯರ ಹೆಸರುಗಳೂ ಅಲ್ಲಿವೆ. ಸೇಡಂ ತಾಲೂಕಿನ ಮಳಖೇಡ, ಅಂದರೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಆ ಅರಸರ ತಾಮ್ರಶಾಸನಗಳಲ್ಲಿ ದಾನದ ವಿವರಕ್ಕೆ ಮೊದಲು ಬರುವುದು ಅವರ ವಂಶಾವಳಿ.

ಒಕ್ಕಲು ಮನೆಗಳಿಗೆ ಈ ಕೆಲಸ ಮಾಡಿಕೊಟ್ಟವರು ಹೆಳವರು. ಸಿಂಗರಿಸಿದ ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಸುಗ್ಗಿಯ ದಿನಗಳಲ್ಲಿ ಬರುತ್ತಿದ್ದ ಹೆಳವರನ್ನು ನಮ್ಮ ಹಿರಿಯರು ಕಂಡಿದ್ದಾರೆ. ಅಂಗಳದಲ್ಲಿ ನಿಂತು, ಈ ಮನೆಯ ಮೂಲಪುರುಷ ಯಾರು, ಯಾವ ಊರಿನಿಂದ ಬಂದ, ಯಾರಿಗೆ ಯಾರು ಹುಟ್ಟಿದರು ಎಂದು ಅವರು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಕಾಳುಕಡಿ, ಬಟ್ಟೆಬರೆ ಪಡೆದು, ಹೊಸದಾಗಿ ಹುಟ್ಟಿದ ಮಕ್ಕಳ ಹೆಸರನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಂಡು ಮುಂದಿನ ಮನೆಗೆ ಹೋಗುತ್ತಿದ್ದರು.

ಅರಸರಿಗೆ ಶಾಸನವಿತ್ತು, ಒಕ್ಕಲಿಗೆ ಹೆಳವರಿದ್ದರು. ಹೊಲವೂ ಇಲ್ಲದ, ಶಾಸನವೂ ಇಲ್ಲದ ಬಡವನ ಹೆಸರನ್ನು ಬರೆದಿಟ್ಟವರು ಯಾರು?

ಧರ್ಮಕೇಂದ್ರದ ದಫ್ತರು

1563ರ ನವೆಂಬರ್ ತಿಂಗಳಲ್ಲಿ ಟ್ರೆಂಟ್ ಮಹಾಸಭೆಯು ಒಂದು ಆಜ್ಞೆ ಹೊರಡಿಸಿತು. ಪ್ರತಿಯೊಬ್ಬ ಧರ್ಮಕೇಂದ್ರದ ಗುರುವೂ ಒಂದು ಪುಸ್ತಕ ಇಟ್ಟುಕೊಳ್ಳಬೇಕು, ಮದುವೆಯಾದ ಗಂಡು ಹೆಣ್ಣಿನ ಹೆಸರು, ಸಾಕ್ಷಿಗಳ ಹೆಸರು, ದಿನ ಮತ್ತು ಸ್ಥಳವನ್ನು ಅದರಲ್ಲಿ ಬರೆದು ಜೋಪಾನವಾಗಿ ಕಾಪಾಡಬೇಕು. ದೀಕ್ಷಾಸ್ನಾನದ ಜ್ಞಾನತಂದೆ ಜ್ಞಾನತಾಯಿಯರ ಹೆಸರನ್ನೂ ಬರೆಯಬೇಕು. ಗುಟ್ಟಾಗಿ ಮದುವೆಯಾಗಿ ಹೆಣ್ಣನ್ನು ಕೈಬಿಡುವ ಅನ್ಯಾಯವನ್ನು ತಡೆಯುವುದು ಆ ಆಜ್ಞೆಯ ಉದ್ದೇಶಗಳಲ್ಲಿ ಒಂದಾಗಿತ್ತು. 1614ರ ರೋಮನ್ ವಿಧಿಗ್ರಂಥ ಮರಣದ ಪುಸ್ತಕವನ್ನೂ ಸೇರಿಸಿ ಇವುಗಳ ನಮೂನೆಯನ್ನು ಗೊತ್ತುಪಡಿಸಿತು. 1983ರ ಧರ್ಮಸಭಾ ಕಾನೂನಿನ 535ನೆಯ ವಿಧಿಯ ಪ್ರಕಾರ ಇಂದಿಗೂ ಪ್ರತಿ ಧರ್ಮಕೇಂದ್ರದಲ್ಲಿ ಈ ಪುಸ್ತಕಗಳು ಇರಲೇಬೇಕು.

ಇದರ ಫಲ ಏನೆಂದರೆ, ಅರಮನೆಯ ಕೂಸಿಗೂ ಆಳುಮಗನ ಕೂಸಿಗೂ ಧರ್ಮಸಭೆಯ ದಫ್ತರಿನಲ್ಲಿ ಒಂದೊಂದು ಸಾಲು ದೊರೆಯಿತು. ಅಂಥ ಒಂದು ಸಾಲು ಎಷ್ಟು ದೂರ ಮಾತಾಡಬಲ್ಲದು ಎಂಬುದನ್ನು 2025ರಲ್ಲಿ ಇಡೀ ಜಗತ್ತು ನೋಡಿತು.

ಒಂದು ಅಮೆರಿಕನ್ ಮನೆತನ

2025ರ ಮೇ 8ರಂದು ರಾಬರ್ಟ್ ಫ್ರಾನ್ಸಿಸ್ ಪ್ರೆವೋಸ್ಟ್ ಅವರು ಜಗದ್ಗುರುಗಳಾಗಿ ಚುನಾಯಿತರಾಗಿ 14ನೆಯ ಲಿಯೋ ಎಂಬ ಹೆಸರನ್ನು ಪಡೆದರು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಹುಟ್ಟಿದ ಮೊದಲ ಪೋಪರು ಅವರು. 1955ರ ಸೆಪ್ಟೆಂಬರ್ 14ರಂದು, ಪವಿತ್ರ ಶಿಲುಬೆಯ ಹಬ್ಬದ ದಿನ, ಶಿಕಾಗೋ ನಗರದಲ್ಲಿ ಜನಿಸಿದವರು. ತಂದೆ ಲೂಯಿ ಮಾರಿಯಸ್ ಪ್ರೆವೋಸ್ಟ್, ತಾಯಿ ಮಿಲ್ಡ್ರೆಡ್ ಮಾರ್ಟಿನೆಜ್.

ಚುನಾವಣೆಯ ಬೆನ್ನಲ್ಲೇ ನ್ಯೂ ಆರ್ಲಿಯನ್ಸ್ ನಗರದ ವಂಶಾವಳಿ ಸಂಶೋಧಕ ಜಾರಿ ಹೊನೋರಾ ಅವರು ಹಳೆಯ ದಾಖಲೆಗಳನ್ನು ತೆರೆದು ಜಗದ್ಗುರುಗಳ ತಾಯಿಯ ತಂದೆತಾಯಿಯನ್ನು ಗುರುತಿಸಿದರು. ಅವರು ಜೋಸೆಫ್ ಮಾರ್ಟಿನೆಜ್ ಮತ್ತು ಲೂಯಿಸ್ ಬಾಕಿಯೆ. 1887ರಲ್ಲಿ ಅದೇ ನಗರದ ಪವಿತ್ರ ಹೃದಯದ ಮಾತೆಯ ದೇವಾಲಯದಲ್ಲಿ ಅವರ ಮದುವೆ ನಡೆದಿತ್ತು. ಅಜ್ಜನ ಕಸುಬು ಸಿಗಾರ್ ಸುತ್ತುವುದು. 1900ರ ಜನಗಣತಿಯವರು ಆ ಮನೆಗೆ ಬಂದಾಗ ಜೋಸೆಫರ ಹೆಸರಿನ ಮುಂದೆ, ಬಣ್ಣದ ಕಾಲಂನಲ್ಲಿ, 'ಕಪ್ಪು' ಎಂದು ಬರೆದುಕೊಂಡು ಹೋದರು. ಅವರು ಕ್ರಿಯೋಲ್ ಎನ್ನಿಸಿಕೊಳ್ಳುವ ಸಮುದಾಯದವರು. ಆಫ್ರಿಕ, ಫ್ರಾನ್ಸ್, ಸ್ಪೇನ್ ಮತ್ತು ಕೆರಿಬಿಯನ್ ದ್ವೀಪಗಳ ರಕ್ತ ಬೆರೆತ, ತಲತಲಾಂತರದಿಂದ ಕಥೋಲಿಕರಾಗಿ ಬಾಳಿದ ಜನ.

1910ರ ನಂತರ ಈ ಕುಟುಂಬ ಶಿಕಾಗೋಕ್ಕೆ ವಲಸೆ ಹೋಯಿತು. ಮಿಲ್ಡ್ರೆಡ್ ಹುಟ್ಟಿದ್ದು ಅಲ್ಲಿ. 1920ರ ಜನಗಣತಿಯಲ್ಲಿ ಅದೇ ಕುಟುಂಬದ ಮುಂದೆ ಬರೆದಿರುವ ಪದ 'ಬಿಳಿ'. ಮನುಷ್ಯರು ಬದಲಾಗಲಿಲ್ಲ, ಕಾಲಂ ಬದಲಾಯಿತು. ಏಕೆಂದು ಕೇಳುವ ಮೊದಲು ಆ ಊರಿನ ಒಂದು ರೈಲಿನ ಕಥೆ ಕೇಳಬೇಕು. 1892ರಲ್ಲಿ ಹೋಮರ್ ಪ್ಲೆಸಿ ಎಂಬ ಕ್ರಿಯೋಲ್ ಚಮ್ಮಾರ ನ್ಯೂ ಆರ್ಲಿಯನ್ಸಿನಲ್ಲಿ ಟಿಕೆಟು ತೆಗೆದುಕೊಂಡು, ಬೇಕೆಂದೇ ಬಿಳಿಯರ ಡಬ್ಬಿಯಲ್ಲಿ ಕುಳಿತರು. ಅನ್ಯಾಯದ ಕಾನೂನನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವುದು ಅವರ ಉದ್ದೇಶ. ಅವರನ್ನು ಬಂಧಿಸಲಾಯಿತು. 1896ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಬಿಳಿಯರನ್ನೂ ಕರಿಯರನ್ನೂ ಬೇರೆಯಾಗಿ ಕೂರಿಸುವುದೇ ಸರಿ ಎಂದಿತು. ಅಂಥ ನಾಡಿನಲ್ಲಿ 'ಕಪ್ಪು' ಎಂಬ ಒಂದು ಪದ ಮಕ್ಕಳ ಶಾಲೆಯನ್ನು, ಗಂಡಸರ ಕೂಲಿಯನ್ನು, ಬಾಡಿಗೆ ಮನೆಯನ್ನು ನಿರ್ಧರಿಸುತ್ತಿತ್ತು. ಸೋದರರಲ್ಲಿ ಒಬ್ಬರು ಪತ್ರಕರ್ತರಿಗೆ ತಿಳಿಸಿದಂತೆ, ಪ್ರೆವೋಸ್ಟರ ಮನೆಯಲ್ಲಿ ಈ ವಿಷಯ ಚರ್ಚೆಗೇ ಬಂದಿರಲಿಲ್ಲ. ಮನೆಯವರು ಆಡದ ಮಾತನ್ನು ದಾಖಲೆಗಳು ಆಡಿದವು.

ಹುಡುಕಾಟ ಅಲ್ಲಿಗೆ ನಿಲ್ಲಲಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹೆನ್ರಿ ಲೂಯಿಸ್ ಗೇಟ್ಸ್ ಅವರ ತಂಡ 2025ರ ಜೂನ್‌ನಲ್ಲಿ ಈ ವಂಶವನ್ನು 16ನೆಯ ಶತಮಾನದ ಸ್ಪೇನಿನವರೆಗೆ ಬೆಳಕಿಗೆ ತಂದಿತು. ತಂದೆಯ ಕಡೆ ಅಜ್ಜ ಸಿಸಿಲಿಯವರು, ಅಜ್ಜಿ ಫ್ರಾನ್ಸಿನವರು. ಇಂದು ಲೋಕವೆಲ್ಲ ಬಲ್ಲ ಪ್ರೆವೋಸ್ಟ್ ಎಂಬ ಹೆಸರು ಅಜ್ಜನ ಮನೆತನದ್ದಲ್ಲ, ಅಜ್ಜಿಯ ತಾಯಿಯ ತವರಿನ ಹೆಸರು. ತಾಯಿಯ ಕಡೆ ಕರಿಯರೆಂದು ದಾಖಲೆಯಲ್ಲಿ ನಮೂದಾದ ಹಿರಿಯರು ಅನೇಕರು ಸಿಕ್ಕರು. ಗುಲಾಮರನ್ನು ಇಟ್ಟುಕೊಂಡಿದ್ದ ಹಿರಿಯರೂ ಸಿಕ್ಕರು. ಅವರಲ್ಲಿ ಕೆಲವರು ತಾವೇ ಕರಿಯ ವಂಶದವರಾಗಿದ್ದರು. ಒಂದೇ ಮರದ ಕೊಂಬೆಗಳಲ್ಲಿ ಸಂಕಟಪಟ್ಟವರು, ಸಂಕಟಪಡಿಸಿದವರು ಇಬ್ಬರೂ ಇದ್ದಾರೆ. ಜುಲೈ ತಿಂಗಳಲ್ಲಿ ಗೇಟ್ಸ್ ಅವರು ಆ ವಂಶವೃಕ್ಷವನ್ನು ವ್ಯಾಟಿಕನ್ನಿನಲ್ಲಿ ಜಗದ್ಗುರುಗಳ ಕೈಗೇ ಒಪ್ಪಿಸಿದರು.

ಮತ್ತಾಯನು ಅಳಿಸದೆ ಬಿಟ್ಟದ್ದು

ಈಗ ಹಬ್ಬದ ಶುಭಸಂದೇಶಕ್ಕೆ ಹಿಂದಿರುಗೋಣ. ಮತ್ತಾಯನು ಮನಸ್ಸು ಮಾಡಿದ್ದರೆ ಚೊಕ್ಕಟವಾದ ಪಟ್ಟಿಯನ್ನು ಬರೆಯಬಹುದಿತ್ತು. ಯೆಹೂದ್ಯರ ವಂಶಾವಳಿಗಳಲ್ಲಿ ಗಂಡಸರ ಹೆಸರೇ ಸಾಕಾಗಿತ್ತು. ಆದರೂ ಅವನು ಮರಿಯಮ್ಮನವರಿಗೆ ಮೊದಲು ನಾಲ್ವರು ಹೆಂಗಸರನ್ನು ನೆನೆಯುತ್ತಾನೆ. ಮಾವನಿಂದ ಅನ್ಯಾಯಕ್ಕೊಳಗಾಗಿ, ವೇಷ ಮರೆಸಿ ತನ್ನ ಹಕ್ಕನ್ನು ಪಡೆದ ತಾಮಾರಳು. ಜೆರಿಕೋ ಪಟ್ಟಣದ ವೇಶ್ಯೆ ರಾಹಾಬಳು. ಹಕ್ಕಲು ತೆನೆ ಆಯ್ದು ಅತ್ತೆಯನ್ನು ಸಾಕಿದ ಪರದೇಶಿ ರೂತಳು. ನಾಲ್ಕನೆಯವಳನ್ನು ಹೆಸರಿನಿಂದ ಕರೆಯದೆ 'ಊರೀಯನ ಹೆಂಡತಿ' ಎನ್ನುತ್ತಾನೆ. ದಾವೀದ ಅರಸನು ಆ ಊರೀಯನನ್ನು ಯುದ್ಧದಲ್ಲಿ ಕೊಲ್ಲಿಸಿದ್ದು ಯಾರೂ ಮರೆಯಬಾರದೆಂದೇ ಅವನು ಹಾಗೆ ಬರೆದಿರಬೇಕು. ನಿರಪರಾಧಿಗಳ ರಕ್ತ ಹರಿಸಿದ ಮನಸ್ಸೆ ಅರಸನೂ ಪಟ್ಟಿಯಲ್ಲಿದ್ದಾನೆ.

ಇಷ್ಟೆಲ್ಲ ಹೆಸರುಗಳ ಕೊನೆಗೆ ಯೇಸುಸ್ವಾಮಿ ಬರುತ್ತಾರೆ. ದೇವಪುತ್ರರು ತಮ್ಮ ಮನೆತನವನ್ನು ತೊಳೆದು ಬಿಳಿ ಮಾಡಿಕೊಂಡು ಬರಲಿಲ್ಲ. ಇದ್ದ ಮನೆತನದೊಳಗೇ ಹುಟ್ಟಿಬಂದು ಅದನ್ನು ಉದ್ಧರಿಸಿದರು.

ಮರಿಯಮ್ಮನವರ ತಂದೆತಾಯಿಯ ಹೆಸರಾದರೂ ಬೈಬಲಿನಲ್ಲಿ ಎಲ್ಲಿಯೂ ಇಲ್ಲ. ಜೋಕಿಮ್ ಮತ್ತು ಅನ್ನಮ್ಮ ಎಂಬ ಹೆಸರುಗಳು ಎರಡನೆಯ ಶತಮಾನದ ಒಂದು ಹಳೆಯ ಬರಹದಿಂದ, ಜನರ ಭಕ್ತಿಯ ನೆನಪಿನಿಂದ ನಮಗೆ ಬಂದವು. ಯೇಸುಸ್ವಾಮಿಯ ಅಜ್ಜ ಅಜ್ಜಿಯನ್ನು ಭಕ್ತರು ಮರೆಯಲು ಒಪ್ಪಲಿಲ್ಲ.

ನಮ್ಮ ಮನೆಗಳ ಮಾತು

ಹೆಸರು ಕಳೆದುಕೊಳ್ಳುವ ನೋವು ಕರ್ನಾಟಕದ ಕ್ರೈಸ್ತರಿಗೆ ಗೊತ್ತಿರುವುದೇ. 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಸಾವಿರಾರು ಕಥೋಲಿಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದನು, ಅವರ ದೇವಾಲಯಗಳು ನೆಲಸಮವಾದವು. ಉಳಿದವರು ಊರಿಗೆ ಮರಳಿದ್ದು 1799ರ ನಂತರ. ದೇವಾಲಯಗಳೊಂದಿಗೆ ದಫ್ತರುಗಳೂ ಹಾಳಾದವು. ಮಂಗಳೂರಿನ ಕಥೋಲಿಕ ಮನೆತನಗಳ ವಂಶಾವಳಿಗಳನ್ನು ವರ್ಷಗಟ್ಟಲೆ ಶ್ರಮಿಸಿ ಸಂಗ್ರಹಿಸಿದ ಡಾ. ಮೈಕಲ್ ಲೋಬೊ ಅವರಂಥವರ ಕೆಲಸದ ಬೆಲೆ ಇದರಿಂದ ತಿಳಿಯುತ್ತದೆ.

ನಮ್ಮ ಭಾಗದಲ್ಲಿ ಕಥೆ ಬೇರೆ. 1871ರಲ್ಲಿ ಮುಂಬೈ–ಮದ್ರಾಸ್ ರೈಲುದಾರಿ ಕೂಡಿಕೊಂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಮುಂದೆ ಶಹಾಬಾದಿನಲ್ಲಿ, ವಾಡಿಯಲ್ಲಿ, ಸೇಡಂನಲ್ಲಿ ಸಿಮೆಂಟು ಕಾರ್ಖಾನೆಗಳು ಬಂದವು. ಕೆಲಸ ಹುಡುಕಿಕೊಂಡು ದೂರದಿಂದ ಬಂದ ಕುಟುಂಬಗಳು, ಇಲ್ಲಿಯೇ ಗಣಿಯಲ್ಲಿ ಫರ್ಸಿ ಕಲ್ಲು ಎಬ್ಬಿಸಿದ ಕುಟುಂಬಗಳು, ಇನ್ನೊಬ್ಬರ ಹೊಲದಲ್ಲಿ ತೊಗರಿ ಕೊಯ್ದ ಕುಟುಂಬಗಳು ಒಂದೇ ಪೀಠದ ಮುಂದೆ ಮೊಣಕಾಲೂರಿದವು. 2005ರಲ್ಲಿ ಗುಲ್ಬರ್ಗ ಧರ್ಮಪ್ರಾಂತ್ಯವಾದಾಗ ಇವರೆಲ್ಲರೂ ಒಂದೇ ಮನೆಯ ಮಕ್ಕಳೆನಿಸಿದರು.

ಆದರೂ ನಾವು ಮುಚ್ಚಿಡುತ್ತೇವೆ. ಸಂಬಂಧ ಬೆಳೆಸುವ ಮಾತು ಬಂದಾಗ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದ ಅಜ್ಜನ ಸುದ್ದಿ ಮೊದಲು ಬರುತ್ತದೆ. ತಲೆಯ ಮೇಲೆ ಕಲ್ಲು ಹೊತ್ತ ಆಯಿಯ ಸುದ್ದಿ ಬರುವುದೇ ಇಲ್ಲ. ಇನ್ನು ಕೆಲವು ಮನೆಗಳ ಕಷ್ಟ ಬೇರೆ. 1950ರ ರಾಷ್ಟ್ರಪತಿಗಳ ಆದೇಶವು ಪರಿಶಿಷ್ಟ ಜಾತಿಯ ಸ್ಥಾನವನ್ನು ಧರ್ಮದೊಂದಿಗೆ ಕಟ್ಟಿಹಾಕಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಆ ಎರಡು ಸಲವೂ ಕ್ರೈಸ್ತರನ್ನು ಸೇರಿಸಲಿಲ್ಲ. ಆದ್ದರಿಂದ ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ದೀಕ್ಷಾಸ್ನಾನದ ಪುಸ್ತಕದಲ್ಲಿ ಇನ್ನೊಂದು ಹೆಸರು ಹೊತ್ತು ಬೆಳೆದ ಮಕ್ಕಳು ನಮ್ಮ ನಡುವೆ ಇದ್ದಾರೆ. ಮಾರ್ಟಿನೆಜ್ ಕುಟುಂಬ ಕಾಲಂ ಬದಲಿಸಿಕೊಂಡದ್ದನ್ನು ಓದುವಾಗ ನಮಗೆ ಇವರ ನೆನಪಾಗುತ್ತದೆ. ಆ ಹೊರೆಯನ್ನು ಮಕ್ಕಳಿಗಾಗಿ ಹೊತ್ತ ತಂದೆತಾಯಿಯನ್ನು ದೂರುವ ಹಕ್ಕು ನಮಗಿಲ್ಲ. ಹೊರೆಯನ್ನು ಹೊರಿಸಿದ ವ್ಯವಸ್ಥೆಯನ್ನು ಪ್ರಶ್ನಿಸುವ ಕರ್ತವ್ಯ ಮಾತ್ರ ಇದೆ. ದೇವಾಲಯದ ಒಳಗಾದರೂ ಯಾರೂ ತಮ್ಮ ಹಿರಿಯರ ಹೆಸರನ್ನು ಪಿಸುಮಾತಿನಲ್ಲಿ ಹೇಳುವಂತಾಗಬಾರದು. ಹಾಗೆ ಆಗುತ್ತಿದ್ದರೆ ಆ ದೋಷ ಹೇಳುವವರದಲ್ಲ, ಕೇಳುವ ನಮ್ಮದು.

ಪ್ರಿಯರೇ, ಈ ಹಬ್ಬದಂದು ಒಂದು ಕೆಲಸ ಮಾಡೋಣ. ಊಟವಾದ ಮೇಲೆ ಟಿ.ವಿ. ಆರಿಸಿ, ಮನೆಯ ಮುತ್ಯಾನನ್ನೋ ಆಯಿಯನ್ನೋ ನಡುವೆ ಕೂರಿಸಿ, ಮಕ್ಕಳ ಕೈಗೆ ಒಂದು ನೋಟ್‌ಬುಕ್ ಕೊಡೋಣ. ನಾಲ್ಕು ತಲೆಮಾರಿನ ಹೆಸರು, ಊರು, ಮಾಡಿದ ಕೆಲಸ ಎಲ್ಲವನ್ನೂ ಬರೆಸೋಣ. ಹೆಂಗಸರ ಹೆಸರನ್ನು ಬಿಡದೆ ಬರೆಸೋಣ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆದು ಮುಗಿಸುವುದು ಬೇಡ. ಮೊದಲು ದೀಕ್ಷಾಸ್ನಾನ ಪಡೆದವರು ಯಾರು, ಅವರಿಗೆ ಜ್ಞಾನತಂದೆ ಜ್ಞಾನತಾಯಿ ಯಾರಾಗಿದ್ದರು ಎಂದು ಕೇಳೋಣ. ಕುಡಿದು ಹೊಲ ಕಳೆದ ಹಿರಿಯನಿದ್ದರೆ ಅವನನ್ನೂ ಬರೆದು, ಅವನ ಆತ್ಮಕ್ಕಾಗಿ ಒಂದು ಪ್ರಾರ್ಥನೆ ಹೇಳೋಣ. ಮಗುವಿನ ದೀಕ್ಷಾಸ್ನಾನಕ್ಕೆ ಬಂದಾಗ ಹೆಸರು, ಕಾಗುಣಿತ, ತಾರೀಖುಗಳನ್ನು ಗಡಿಬಿಡಿಯಿಲ್ಲದೆ ಸರಿಯಾಗಿ ಬರೆಸೋಣ. ಹಳೆಯ ದಫ್ತರುಗಳನ್ನು ಗೆದ್ದಲಿನಿಂದ, ಮಳೆಯ ತೇವದಿಂದ ಕಾಪಾಡುವ ಹೊಣೆ ಗುರುಗಳಾದ ನಮ್ಮದು. ಆ ಕಪಾಟಿನಲ್ಲಿ ಇರುವುದು ಬಡವರ ತಾಮ್ರಶಾಸನ.

ಇಂದು ಅದರಲ್ಲಿ ಬರೆದ ಒಂದು ಸಾಲನ್ನು ನೂರು ವರ್ಷದ ನಂತರ ಯಾರೋ ಒಬ್ಬ ಮೊಮ್ಮಗಳು ಬೆರಳಿಟ್ಟು ಓದಿಯಾಳು. ಅಲ್ಲಿ ತನ್ನವರ ಹೆಸರನ್ನು ಕಂಡು ಅವಳಿಗೆ ಸಂತೋಷವಾಗಲಿ.

ತಾಮಾರಳನ್ನೂ ರೂತಳನ್ನೂ ತಮ್ಮ ಅಜ್ಜಿಯರೆಂದು ಒಪ್ಪಿಕೊಂಡ ಯೇಸುಸ್ವಾಮಿ ನಮ್ಮ ಹಿರಿಯರೆಲ್ಲರನ್ನು ತಮ್ಮ ಜೀವಗ್ರಂಥದಲ್ಲಿ ಬರೆದುಕೊಳ್ಳಲಿ. ಅನ್ನಮ್ಮನವರ ಮಡಿಲಿನ ಮಗುವಾಗಿ ಹುಟ್ಟಿದ ಮಾತೆ ಮರಿಯಮ್ಮನವರು ನಮ್ಮ ಮನೆಗಳಿಗಾಗಿ ಪ್ರಾರ್ಥಿಸಲಿ. ಆಮೆನ್.