ಎರಡು ಗೆಲುವುಗಳ ನಡುವಿನ ಹತ್ತು ವರ್ಷ

ಸೈಕಲ್ ಅಂದಕೂಡಲೇ ನಮಗೆಲ್ಲ ನೆನಪಾಗೋದು ಒಳಪೆಡಲು ತುಳಿದು ಕಲಿತದ್ದು, ಮೊಣಕಾಲು ತರಚಿಕೊಂಡದ್ದು, ಅಲ್ವಾ? ಅದೇ ಸೈಕಲ್ಲನ್ನು ಬದುಕಾಗಿಸಿಕೊಂಡ ಇಟಲಿಯ ಜಿನೋ ಬಾರ್ತಾಲಿಯ ಬಗ್ಗೆ ಓದಿದಾಗಿನಿಂದ ಒಂದು ಲೆಕ್ಕ ತಲೆ ಕೊರೀತಾ ಇದೆ. ಆತ ಟೂರ್ ಡಿ ಫ್ರಾನ್ಸ್ ಗೆದ್ದದ್ದು ಎರಡು ಸಲ: 1938ರಲ್ಲಿ, ಮತ್ತೆ 1948ರಲ್ಲಿ. ನಡುವೆ ಹತ್ತು ವರ್ಷ!

ಹುಟ್ಟಿದ್ದು 1914ರಲ್ಲಿ, ಫ್ಲಾರೆನ್ಸ್ ಹತ್ತಿರದ ಪೊಂತೆ ಆ ಎಮಾದಲ್ಲಿ. 21ನೇ ವಯಸ್ಸಿಗೇ, 1936ರಲ್ಲಿ, ಇಟಲಿಯ ದೊಡ್ಡ ರೇಸ್ ಆದ ಜಿರೊ ಗೆದ್ದ. ಕೆಲವೇ ದಿನಗಳಲ್ಲಿ ತಮ್ಮ ಜೂಲಿಯೊ ರೇಸಿನಲ್ಲಿ ಅಪಘಾತವಾಗಿ ತೀರಿಕೊಂಡ. ಸೈಕಲ್ಲೇ ಬೇಡ ಅನ್ನಿಸಿತಂತೆ. ಆದರೂ ಮರಳಿ ಬಂದು 1937ರಲ್ಲಿ ಜಿರೊ, ಮರುವರ್ಷ ಟೂರ್ ಗೆದ್ದ. ಆಮೇಲೆ ಯುದ್ಧ. 1940ರಿಂದ 1946ರವರೆಗೆ ಟೂರ್ ನಡೆಯಲೇ ಇಲ್ಲ. ಕಾಲಲ್ಲಿ ಕಸುವಿದ್ದ ವರ್ಷಗಳೆಲ್ಲ ವ್ಯರ್ಥವಾಗಿ ಹೋದವು.

ನಿಜಕ್ಕೂ ವ್ಯರ್ಥವಾದವಾ? 1943ರಲ್ಲಿ ಜರ್ಮನ್ ಸೇನೆ ಇಟಲಿಯನ್ನು ಆಕ್ರಮಿಸಿಕೊಂಡಾಗ ಯಹೂದಿಗಳನ್ನು ಉಳಿಸಲು ಫ್ಲಾರೆನ್ಸಿನ ಕಾರ್ಡಿನಲ್ ದಲ್ಲಾ ಕೋಸ್ತಾ ಮುಂದಾದರು. ಬಾರ್ತಾಲಿ ನಕಲಿ ಗುರುತುಪತ್ರಗಳನ್ನು ಸೈಕಲ್ಲಿನ ಕೊಳವೆಯೊಳಗೆ ಸುರುಳಿ ಸುತ್ತಿಟ್ಟು ಅಸ್ಸೀಸಿಗೂ ಫ್ಲಾರೆನ್ಸಿಗೂ ಓಡಾಡಿದ ಅಂತ ಹೇಳ್ತಾರೆ. ನೂರೈವತ್ತು ಕಿಲೋಮೀಟರಿಗೂ ಹೆಚ್ಚಿನ ದಾರಿ! ಯಾರಾದರೂ ತಡೆದರೆ, ರೇಸಿಗೆ ಅಭ್ಯಾಸ ಮಾಡ್ತಿದೀನಿ ಅಂದರಾಯಿತು. ಒಂದು ಯಹೂದಿ ಕುಟುಂಬಕ್ಕೂ ಆಶ್ರಯ ಕೊಟ್ಟಿದ್ದ.

ಪತ್ರ ಸಾಗಿಸಿದ್ದಕ್ಕೆ ಪುರಾವೆ ಸಾಲದು ಅಂತ ಇತ್ತೀಚೆಗೆ ಕೆಲವು ಇತಿಹಾಸಕಾರರು ವಾದಿಸಿದ್ದಾರೆ, ಅದನ್ನೂ ಹೇಳಬೇಕು. ಗುಟ್ಟಾಗಿ ಮಾಡಿದ ಕೆಲಸಕ್ಕೆ ರಸೀದಿ ಎಲ್ಲಿಂದ ತರೋದು? ಬಾರ್ತಾಲಿಗಂತೂ ಅದರ ಬಗ್ಗೆ ಮಾತಾಡೋದೇ ಇಷ್ಟವಿರಲಿಲ್ಲ. ಇಸ್ರೇಲಿನ ಯಾದ್ ವಶೇಮ್ ಗೌರವ ಸಂದದ್ದು 2013ರಲ್ಲಿ. ಆತ 2000ದಲ್ಲೇ ತೀರಿಕೊಂಡಿದ್ದ.

ಇನ್ನು 1948. ಜುಲೈ 14ರಂದು ರೋಮ್‌ನಲ್ಲಿ ಕಮ್ಯುನಿಸ್ಟ್ ನಾಯಕ ತೊಲ್ಯಾತ್ತಿಗೆ ಗುಂಡು ಬಿತ್ತು. ದೇಶವೆಲ್ಲ ಮುಷ್ಕರ, ಗಲಭೆ. ಆ ಹೊತ್ತಿಗೆ ಫ್ರಾನ್ಸಿನಲ್ಲಿದ್ದ ಬಾರ್ತಾಲಿ, ಮುಂದಿದ್ದ ಬೋಬೆಗಿಂತ 21 ನಿಮಿಷ ಹಿಂದೆ. ಮುದುಕನಾದ ಅಂತ ಎಲ್ಲರೂ ಕೈಬಿಟ್ಟಿದ್ದರು. ಮರುದಿನದಿಂದ ಆಲ್ಪ್ಸ್ ಬೆಟ್ಟಗಳಲ್ಲಿ ಸತತ ಮೂರು ಹಂತ ಗೆದ್ದ! 34ರ ವಯಸ್ಸಿನಲ್ಲಿ, 26 ನಿಮಿಷಗಳ ಅಂತರದಿಂದ ಟೂರ್ ಅವನದಾಯಿತು.

ಈ ಗೆಲುವೇ ಇಟಲಿಯನ್ನು ಅಂತರ್ಯುದ್ಧದಿಂದ ಉಳಿಸಿತು ಅನ್ನೋ ಮಾತಿದೆ. ನನಗದು ಸ್ವಲ್ಪ ಅತಿ ಅನ್ನಿಸುತ್ತೆ. ಶಾಂತವಾಗಿರಿ ಅಂತ ತೊಲ್ಯಾತ್ತಿಯೇ ತನ್ನವರಿಗೆ ಹೇಳಿದ್ದ.

ದಾಖಲೆ ಪುಸ್ತಕದಲ್ಲಿ ಆ ಹತ್ತು ವರ್ಷದ ಟೂರ್ ಸಾಲು ಖಾಲಿ. ಆದರೆ ಆತ ಜೀವ ಪಣಕ್ಕಿಟ್ಟು ಸೈಕಲ್ ತುಳಿದದ್ದು ಆ ಖಾಲಿ ಸಾಲಿನಲ್ಲೇ ಅಲ್ವಾ? ನೀವೇನಂತೀರಿ?