ಭೀಮಾ–ಕಾಗಿಣಾ ಸೀಮೆಯ ಮಣ್ಣಿನಲ್ಲಿ ತಾಮ್ರ

ತಾಮ್ರ ಮಣ್ಣಿನಲ್ಲಿ ಸುಲಭಕ್ಕೆ ಕದಲುವ ಲೋಹವಲ್ಲ. ಅದು ಎಲ್ಲಿ ಅಂಟಿಕೊಳ್ಳುತ್ತದೆ, ಎಲ್ಲಿ ನೀರಿನೊಂದಿಗೆ ಕೆಳಗಿಳಿಯುತ್ತದೆ ಎಂಬುದು ಮಣ್ಣಿನ ಜೇಡಿ, ಸಾವಯವ ಅಂಶ, ಸುಣ್ಣ ಮತ್ತು ರಸಸಾರವನ್ನು ಅವಲಂಬಿಸಿದೆ. ಇದನ್ನು ಅರಿಯಲು ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಸೀಮೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ವಿವರಿಸಿದ ಭೀಮಾ ಶಿಲೆಗಳು ಇಲ್ಲಿಯವೇ: ತಳದಲ್ಲಿ ಮರಳುಗಲ್ಲು, ಮೇಲೆ ಶಹಾಬಾದಿ ಕಲ್ಲೆಂದು ಮನೆಮಾತಾದ ಸುಣ್ಣಕಲ್ಲು. ಚಿಂಚೋಳಿಯ ಕಡೆ ದಖ್ಖನ್ ಬಸಾಲ್ಟ್ ಮತ್ತು ಜಂಬಿಟ್ಟಿಗೆ. ಬಸಾಲ್ಟಿನಲ್ಲಿ ತಾಮ್ರ ಹೆಚ್ಚು, ಸುಣ್ಣಕಲ್ಲಿನಲ್ಲಿ ತೀರ ಕಡಿಮೆ. ತೊಗರಿ ಬೆಳೆಯುವ ಎರೆಹೊಲದ ಜೇಡಿ ತಾಮ್ರವನ್ನು ಬಿಗಿಯಾಗಿ ಹಿಡಿಯುತ್ತದೆ. ಮರಳಿಗೆ ಆ ಶಕ್ತಿಯಿಲ್ಲ. ಬೆಣಚುಕಲ್ಲಿನ ಕಣದ ಮೈಮೇಲೆ ಲೋಹ ಕೂರಲು ಜಾಗವೇ ಸಾಲದು.

ಹಾಗಾಗಿ ಮರಳುನೆಲದಲ್ಲಿ ತಾಮ್ರವನ್ನು ಹಿಡಿಯುವ ಮುಖ್ಯ ಕೈ ಕೊಳೆತ ಗೊಬ್ಬರದ್ದು. ಕಬ್ಬಿಣ, ಮ್ಯಾಂಗನೀಸ್ ಆಕ್ಸೈಡುಗಳ ತೆಳು ಲೇಪವೂ ಜೊತೆಗಿರುತ್ತದೆ. ಆದರೆ ಹಿಡಿಯುವ ಅದೇ ಸಾವಯವ ಪದಾರ್ಥ ನೀರಿನಲ್ಲಿ ಕರಗಿತೆಂದರೆ ತಾಮ್ರವನ್ನು ಹೊತ್ತು ಕೆಳಪದರಕ್ಕೂ ಇಳಿಸುತ್ತದೆ. ಹಸಿ ಗೊಬ್ಬರ ಹಾಕಿದ ಬೆನ್ನಿಗೇ ಜೋರು ಮಳೆ ಬಿದ್ದಾಗ ಈ ಭಯ ಹೆಚ್ಚು. ರಸಸಾರದ ಪಾತ್ರ ಇನ್ನೂ ದೊಡ್ಡದು: ಅದು ಒಂದು ಅಂಕ ಏರಿದರೆ ಮಣ್ಣಿನ ನೀರಿನಲ್ಲಿ ಬಿಡಿಯಾಗಿರುವ ತಾಮ್ರ ಸುಮಾರು ನೂರು ಪಟ್ಟು ಇಳಿಯುತ್ತದೆ. ಸುಣ್ಣಕಲ್ಲಿನ ಪುಡಿ ಬೆರೆತ ಮರಳು ಆದ್ದರಿಂದಲೇ ಹುಳಿ ಮರಳಿನಂತೆ ವರ್ತಿಸದು.

ಹೊಲಕ್ಕೆ ತಾಮ್ರ ಬಂದದ್ದು ಮೊದಲು ಔಷಧಿಯಾಗಿ. 1885ರಲ್ಲಿ ಫ್ರಾನ್ಸಿನ ಮಿಲಾರ್ಡೆ ದ್ರಾಕ್ಷಿಯ ರೋಗಕ್ಕೆ ಮೈಲುತುತ್ತು–ಸುಣ್ಣದ ಬೋರ್ಡೋ ದ್ರಾವಣವನ್ನು ಪ್ರಕಟಿಸಿದರು. ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಅದನ್ನು ಅಡಿಕೆಯ ಕೊಳೆರೋಗಕ್ಕೆ ಹಚ್ಚಿದರು. ಶೇಕಡ 1ರ ದ್ರಾವಣಕ್ಕೆ ನೂರು ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು. ಅದರಲ್ಲಿ ಕಾಲು ಭಾಗ ತಾಮ್ರ. ಎಲೆಯಿಂದ ತೊಟ್ಟಿಕ್ಕಿದ್ದೆಲ್ಲ ಮಣ್ಣು ಸೇರುತ್ತದೆ.

ಗಿಡಕ್ಕೆ ತಾಮ್ರ ಅತ್ಯಗತ್ಯವೆಂದು ಖಚಿತವಾದದ್ದು 1931ರಲ್ಲಿ. ನೆದರ್‌ಲ್ಯಾಂಡ್ಸಿನ ಹೊಸದಾಗಿ ಸಾಗುವಳಿಗೆ ತಂದ ಮರಳುನೆಲದಲ್ಲಿ ತಾಮ್ರದ ಕೊರತೆಯಿಂದ ಓಟ್ಸ್ ಬೆಳೆ ಸೊರಗಿತು. ಫ್ಲಾರಿಡಾದ ಹುಳಿ ಮರಳಿನ ಕಿತ್ತಳೆ ತೋಟಗಳಲ್ಲಿ ದಶಕಗಳ ಸಿಂಪಡಣೆ, ಗೊಬ್ಬರದಿಂದ ತಾಮ್ರ ವಿಷಮಟ್ಟಕ್ಕೇರಿ, ಸುಣ್ಣ ಹಾಕಬೇಕಾಯಿತು. ಒಂದೇ ಬಗೆಯ ಮಣ್ಣು, ಎರಡು ವಿರುದ್ಧ ಸಂಕಟ.

ಅಳೆಯುವ ವಿಧಾನ 1978ರಲ್ಲಿ ಲಿಂಡ್ಸೆ ಮತ್ತು ನಾರ್ವೆಲ್ ಅವರಿಂದ ಸಿಕ್ಕಿತು. 10 ಗ್ರಾಂ ಮಣ್ಣಿಗೆ ಲೋಹವನ್ನು ಹಿಡಿದೆಳೆಯುವ ಡಿಟಿಪಿಎ ದ್ರಾವಣ 20 ಮಿಲಿ ಹಾಕಿ, ಎರಡು ಗಂಟೆ ಅಲುಗಾಡಿಸಿ, ಸೋಸಿ, ಬಂದ ತಿಳಿಯಲ್ಲಿ ತಾಮ್ರವನ್ನು ಓದುತ್ತಾರೆ. ದ್ರಾವಣದ ರಸಸಾರವನ್ನು 7.3ಕ್ಕೆ ನಿಲ್ಲಿಸಿ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿರುವುದು ಮಣ್ಣಿನ ಸುಣ್ಣ ಕರಗಿ ಲೆಕ್ಕ ಕೆಡದಿರಲಿ ಎಂದೇ. ವಾಡಿ, ಶಹಾಬಾದಿನಂಥ ಸುಣ್ಣದ ಸೀಮೆಗೆ ಇದು ಹೇಳಿ ಮಾಡಿಸಿದ ಪರೀಕ್ಷೆ. ಕೆಜಿಗೆ 0.2 ಮಿಗ್ರಾಂಗಿಂತ ಕಡಿಮೆ ಬಂದರೆ ಕೊರತೆ ಎನ್ನುವುದು ರೂಢಿ.

ಕರ್ನಾಟಕದ 2009ರ ಭೂಚೇತನ ಯೋಜನೆಯ ಒತ್ತು ಗಂಧಕ, ಸತು, ಬೋರಾನ್ ಮೇಲಿತ್ತು. 2015ರಿಂದ ಮಣ್ಣು ಆರೋಗ್ಯ ಚೀಟಿಯ ಹನ್ನೆರಡು ಅಂಶಗಳಲ್ಲಿ ತಾಮ್ರವೂ ಒಂದು. ಆದರೆ ಚೀಟಿಯ ಮಾದರಿ ಸಾಮಾನ್ಯವಾಗಿ ಮೇಲಿನ 15 ಸೆಂಮೀ ಮಣ್ಣಿನದು. ಎರೆಹೊಲಕ್ಕೆ ಅಷ್ಟು ಸಾಕು. ಕಾಗಿಣಾ ದಂಡೆಯ ಮರಳುಗೂಡಿದ ತೋಟದಲ್ಲಿ ತಾಮ್ರದ ಔಷಧಿ ಹೊಡೆಯುವವರು ಮಾತ್ರ 15ರಿಂದ 30 ಸೆಂಮೀ ಆಳದ ಮಣ್ಣನ್ನೂ ಬೇರೆ ಚೀಲದಲ್ಲಿ ಕಟ್ಟಿ ಪ್ರಯೋಗಾಲಯಕ್ಕೆ ಕೊಡಬೇಕು. ಇಳಿದುಹೋದದ್ದು ಸಿಗುವುದು ಅಲ್ಲೇ.