ಕಲೌಪಾಪದ ಫೋಟೋಗಳು

ಕುಷ್ಠದ ಫೋಟೋ ಅಂದಕೂಡಲೆ ನಮ್ಮ ಕಣ್ಣಿಗೆ ಬರೋದು ಬೆರಳು ಸವೆದ ಕೈ. ಆ ಕೈಗೆ ಮುಖವಿಲ್ಲ, ಊರಿಲ್ಲ. ಜಾಗೃತಿ ಅಂತ ಗೋಡೆಗೆ ಅಂಟಿಸಿದ ಇಂಥ ಚಿತ್ರ ನೋಡಿದವರು ಆಸ್ಪತ್ರೆಗೆ ಹೋಗೋದಿಲ್ಲ, ಮಚ್ಚೆ ಮುಚ್ಚಿಕೊಳ್ತಾರೆ. ಫೋಟೋ ಯಾರ ಪರ ನಿಲ್ತದೆ ಎಂಬುದಕ್ಕೆ ಹವಾಯಿ ದ್ವೀಪಗಳಲ್ಲಿ ಒಂದು ದೊಡ್ಡ ಚರಿತ್ರೆಯೇ ಇದೆ.

1865ರಲ್ಲಿ ಅಲ್ಲಿನ ರಾಜಸರ್ಕಾರ ಕುಷ್ಠರೋಗಿಗಳನ್ನು ಬೇರ್ಪಡಿಸುವ ಕಾನೂನು ತಂದಿತು. 1866ರ ಜನವರಿಯಲ್ಲಿ ಮೊದಲ 12 ಮಂದಿಯನ್ನು ಮೊಲೊಕಾಯಿ ದ್ವೀಪದ ಒಂದು ಅಂಚಿಗೆ ತಂದು ಇಳಿಸಿದರು. ಮೂರು ಕಡೆ ಕಡಲು, ಒಂದು ಕಡೆ ಗೋಡೆಯಂಥ ಬೆಟ್ಟ. ಜೈಲು ಕಟ್ಟುವ ಖರ್ಚೂ ಇಲ್ಲ ನೋಡ್ರಿ! ಒಂದು ಶತಮಾನದಲ್ಲಿ ಸುಮಾರು 8,000 ಜನರನ್ನು ಅಲ್ಲಿಗೆ ಅಟ್ಟಿದರು. ಬಹುಪಾಲು ಆ ನೆಲದ ಮೂಲನಿವಾಸಿಗಳೇ. ಮುಂದೆ ಕಲೌಪಾಪ ಆ ನೆಲದ ಮುಖ್ಯ ಊರಾಯಿತು.

ರೋಗಿ ಎಂದು ಹಿಡಿದವರ ಫೋಟೋ ತೆಗೆದರು. ಅಂಗಿ ಬಿಚ್ಚಿಸಿ, ಗಂಟು ಗಾಯ ಕಾಣೋ ಹಾಗೆ ನಿಲ್ಲಿಸಿ. ಮಕ್ಕಳನ್ನೂ ಬಿಡಲಿಲ್ಲ. ನಮಗೆ ಈ ಕಣ್ಣು ಹೊಸದಲ್ಲ. 1909ರಲ್ಲಿ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಮೇಲೆ 7 ಸಂಪುಟ ಹೊರಡಿಸಿದ. ನಮ್ಮಂಥವರ ತಾತ ಮುತ್ತಾತರ ಮೂಗು ಅಳೆದು, ಫೋಟೋ ಹಿಡಿದು.

1946ರಲ್ಲಿ ಸಲ್ಫೋನ್ ಮದ್ದು ಹವಾಯಿಗೆ ಬಂತು, ರೋಗ ವಾಸಿಯಾಗತೊಡಗಿತು. ಬೇರ್ಪಡಿಸುವ ನೀತಿ ಸತ್ತದ್ದು ಮಾತ್ರ 1969ರಲ್ಲಿ. ನಗಬೇಡಿ, ನಮ್ಮ 1898ರ ಕುಷ್ಠರೋಗಿಗಳ ಕಾಯ್ದೆ ರದ್ದಾಗಲು 2016 ಬರಬೇಕಾಯಿತು.

ಅಷ್ಟರಲ್ಲಿ ರೋಗಿಗಳ ಕೈಗೂ ಕ್ಯಾಮೆರಾ ಬಂದಿತ್ತು. ಗೆಳೆಯರು, ಗಂಡ ಹೆಂಡಿರು, ಮನೆಯ ಮುಂದೆ ನಕ್ಕೊಂಡು ನಿಂತವರು ಅವರ ಆಲ್ಬಮ್ಮುಗಳಲ್ಲಿದ್ದಾರೆ. ದಫ್ತರದ ಫೋಟೋ ಗಾಯ ಹುಡುಕಿತು, ಇವು ನೆಂಟಸ್ತಿಕೆ ಉಳಿಸಿದವು. ಹಾಲೆ ಮೊಹಾಲು ಆಸ್ಪತ್ರೆಯನ್ನು ಸರ್ಕಾರ ಮುಚ್ಚಹೊರಟಾಗ, 1978ರಿಂದ ಬರ್ನಾರ್ಡ್ ಪುನಿಕಾಯಿಯ ಮತ್ತು ಸಂಗಾತಿಗಳು ಜಾಗ ಬಿಟ್ಟು ಏಳಲಿಲ್ಲ. 1983ರಲ್ಲಿ ಪೊಲೀಸರು ಎಳೆದೊಯ್ಯಬೇಕಾಯಿತು. ವೇಯ್ನ್ ಲೆವಿನ್ ಫೋಟೋ ತೆಗೆದು, ಆನ್ವೇ ಲಾ ಬರೆದ ಕಲೌಪಾಪದ ಪುಸ್ತಕ 1989ರಲ್ಲಿ ಬಂದಾಗ ಅದರಲ್ಲಿದ್ದದ್ದು ಹೆಸರುಳ್ಳ, ಮಾತುಳ್ಳ ಮನುಷ್ಯರು. 1980ರಲ್ಲಿ ರಾಷ್ಟ್ರೀಯ ಉದ್ಯಾನವಾದ ಆ ನೆಲದಲ್ಲಿ ನಿವಾಸಿ ಬರೆದು ಒಪ್ಪಿಗೆ ಕೊಡದೆ ಅವರ ಫೋಟೋ ತೆಗೆಯುವ ಹಾಗಿಲ್ಲ. ಅಂಗಿ ಬಿಚ್ಚು ಎಂದವರ ಮೊಮ್ಮಕ್ಕಳು ಕೇಳಿಕೊಂಡು ಕಾಯಬೇಕು!

ಹಳ್ಳಿ ಶಾಲೆಯ ಮೇಷ್ಟರುಗಳೇ, ಗೋಡೆಗೆ ಹಚ್ಚುವ ಚಿತ್ರ ಸವೆದ ಕೈಯದ್ದು ಬ್ಯಾಡ. ಬಣ್ಣ ಮಾಸಿದ ಒಂದು ಮಚ್ಚೆಯದ್ದಿರಲಿ: ಹತ್ತಿ ತಾಗಿಸಿದರೂ ಸ್ಪರ್ಶ ತಿಳಿಯದ್ದು. ಅದಕ್ಕೆ 6 ಅಥವಾ 12 ತಿಂಗಳ ಮಾತ್ರೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ.